ಚೀಟಿ ಇಲ್ಲದ ಮದ್ದು

ನಾನು ಆಶಾ. ಅದು ಹೆಸರಲ್ಲ, ಕೆಲಸ.
ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ತಾಯಿ ಕಾರ್ಡು
ಚೀಲದಲ್ಲಿಟ್ಟುಕೊಂಡು ಸ್ಕೂಟಿಯಲ್ಲಿ
ಸೊರಬದ ಮೂರು ಹಳ್ಳಿ ಸುತ್ತುತ್ತೇನೆ.
ಬಸುರಿಯರಿಗೆಲ್ಲ ಒಂದೇ ಪಾಠ:
ಡಾಕ್ಟರ ಚೀಟಿ ಇಲ್ಲದೆ ಯಾವ ಮದ್ದೂ ನುಂಗಬೇಡಿ,
ತಲೆನೋವಿನದೂ ಸೈತ.

ಸೀಗೆ ಹುಣ್ಣಿಮೆಯ ಹಿಂದಿನ ಸಂಜೆ
ಅತ್ತೆ ಗುತ್ತ್ಯಮ್ಮ ಕುಡುಗೋಲು ಹಿಡಿದು ಕರೆದಳು.
ಮೇಲಿನ ಗದ್ದೆಯ ಭತ್ತಕ್ಕೆ ಹಾಲು ಕಟ್ಟಿದೆ,
ಭೂಮಿ ಈಗ ತುಂಬು ಬಸುರಿ,
ಬಯಕೆಯ ಊಟಕ್ಕೆ ನೂರೊಂದು ಬಗೆ ಸೊಪ್ಪು ಬೇಕು.
ನೂರೊಂದು ಎಂದರೆ ನೂರೊಂದೇ. ಅತ್ತೆ ಎಣಿಸುವವಳು.
ಒಂದೆಲಗ, ಹೊನಗೊನೆ, ಕನ್ನೆಕುಡಿ,
ಎಲೆಗುರಿಗೆ, ನೆಲನೆಲ್ಲಿ,
"ಇದಕ್ಕೆ ಹೆಸರಿಲ್ಲ, ಆದ್ರೆ ಇರ್ಬೇಕು."

ಕೆಳಗಿನ ಗದ್ದೆಗೆ ಬಂದಾಗ ಹದಿನೇಳು.
ಅಲ್ಲಿಂದಾಚೆ ಬದು ಸುಟ್ಟ ಹಪ್ಪಳದ ಬಣ್ಣ.
ಹುಲ್ಲಿನ ಔಷಧಿ.
ಶುಂಠಿಯವರು ಹೊಡೆಸಿದ್ದು ಅನ್ನಬಹುದು.
ಹೊಡೆದ ಪಂಪು ಮಾತ್ರ ನನ್ನ ಗಂಡನ ಬೆನ್ನಿನದು.
ಗದ್ದೆಯೂ ನಮ್ಮದೇ, ಹದಿನೆಂಟು ತಿಂಗಳಿಗೆ ಕೊಟ್ಟದ್ದು;
ಸ್ಕೂಟಿಯ ಮೊದಲ ಕಂತು ಆ ದುಡ್ಡಿನದೇ.

ಬೇರಿಗೆ ಕಾಳಿನ ಮದ್ದು, ಕೊಳೆಗೆ ಬಿಳಿ ಪುಡಿ,
ಎಲೆಗೆ ನೀಲಿ ನೀರು.
ಕೊಲ್ಲುವುದಕ್ಕೂ ಬದುಕಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು.
ಅತ್ತೆಯ ಕಾಲದಲ್ಲಿ ಮದ್ದು ಹಾಕುವವರು ಎಂದರೆ
ಅನ್ನದಲ್ಲಿ ಕದ್ದು ಬೆರೆಸುವವರು,
ಅವರ ಮನೆಯಲ್ಲಿ ಯಾರೂ ನೀರು ಮುಟ್ಟುತ್ತಿರಲಿಲ್ಲವಂತೆ.

ಮಳೆ ಬಂದರೆ ಎಲ್ಲ ಇಳಿದು ಹಳ್ಳಕ್ಕೆ.
ಮುಂಗಾರಿಗೆ ನೀರಿಗೆದುರಾಗಿ ಹತ್ತಿ ಬರುವ ಮೀನು
ಈ ಸಲ ಹತ್ತಲಿಲ್ಲ,
ಬೆಳ್ಳನೆ ಹೊಟ್ಟೆ ತೋರಿಸುತ್ತ ಇಳಿದವು.
ಹಳ್ಳದಾಚೆ ಲೋಲಾಕ್ಷಿಯ ಬಾವಿ. ಅವಳಿಗೆ ಏಳನೇ ತಿಂಗಳು.
"ಮಾತ್ರೆ ನುಂಗೋ ನೀರು ಇದೇ ಬಾವಿದಾ ಅಕ್ಕಾ?"
ಆ ಪಾಠ ನನ್ನ ಪುಸ್ತಕದಲ್ಲಿಲ್ಲ.

ಇಪ್ಪತ್ತಮೂರಕ್ಕೆ ಕತ್ತಲಾಯಿತು.
ಅತ್ತೆ ಕುಡುಗೋಲಿನ ತುದಿಯಲ್ಲಿ ಮಣ್ಣು ಕೆದಕಿದಳು,
ಎರೆಹುಳ ಹುಡುಕಿದಳೋ, ಸುಮ್ಮನೆಯೋ.
ಆಮೇಲೆ, ತಲೆಯೆತ್ತದೆ:
"ಚೀಟಿ ಇಲ್ದೆ ಮದ್ದು ನುಂಗ್ಬೇಡಿ ಅಂತೀಯಲ್ಲೆ ಬಸ್ರೀರಿಗೆ,
ಇವಳಿಗೆ ಚೀಟಿ ಬರೆದೋರ್ಯಾರು?"

ರಾತ್ರಿ ಇಪ್ಪತ್ತಮೂರನ್ನೇ ಬೇಯಿಸಿದೆವು.
ಸೌಟು ತಿರುವುತ್ತ ಅವಳು ಎಣಿಸುವುದು ಕೇಳಿಸಿತು,
ತೊಂಬತ್ತೆಂಟು, ತೊಂಬತ್ತೊಂಬತ್ತು,
ಒಲೆಯ ಹೊಗೆಗೆ ಸುಳ್ಳು ಹೇಳುತ್ತಿದ್ದಳು.

ಕೋಳಿ ಕೂಗುವ ಮುಂಚೆ
ಚಿತ್ತಾರದ ಬುಟ್ಟಿ ಹೊತ್ತು ಗಂಡ ಮುಂದೆ ನಡೆದ.
ಎಡೆಗೆ ಕೈ ಹಾಕುವ ಮುನ್ನ
ಎರಡು ಸಲ ಸೋಪು ಹಚ್ಚಿ ತೊಳೆದಿದ್ದ.
ನಾನೇನೂ ಹೇಳಿರಲಿಲ್ಲ.
ಉಗುರಿನ ಸಂದಿಯ ನೀಲಿ ಹೋಗಿರಲಿಲ್ಲ.

ಮಧ್ಯಾಹ್ನ ಲೋಲಾಕ್ಷಿಯ ತೂಕ ಬರೆಯಲು ಹೋಗುವಾಗ
ಕೆಳಗಿನ ಗದ್ದೆಯ ಹತ್ತಿರ ಸ್ಕೂಟಿ ನಿಲ್ಲಿಸಿದೆ.
ಬೀರಿದ ಚರಗ ಹಾಗೇ ಬಿದ್ದಿತ್ತು.
ಏಡಿ ಬಂದಿಲ್ಲ, ಇಲಿ ಬಂದಿಲ್ಲ,
ಒಂದು ಇರುವೆಸಾಲೂ ಇಲ್ಲ.

ಖಾಲಿ ತಾಯಿ ಕಾರ್ಡೊಂದು ತೆಗೆದೆ.
ಹೆಸರು ಬರೆದೆ.
ಎಷ್ಟನೇ ಬಸಿರು ಎಂಬುದನ್ನು ಬಿಟ್ಟೆ.
ಸೇವಿಸುತ್ತಿರುವ ಮದ್ದುಗಳಿಗೆ ಒಂದೂವರೆ ಗೆರೆಯಷ್ಟೇ ಜಾಗ,
ಅಂಚಿಗೂ ಬರೆದೆ, ಹಿಂಬದಿಗೂ ಬರೆದೆ.
ಹತ್ತಿರದ ಆಸ್ಪತ್ರೆ ಎಂಬಲ್ಲಿ
ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ.

ಲೋಲಾಕ್ಷಿ ಕಾಯುತ್ತಿರುತ್ತಾಳೆ.