ಎಳೆ ಸಿಗದ ಗೂಡು

ಕದಿರೇಶ ಹೊಸ ಕ್ಯಾಮೆರಾ ಕೊಂಡ.
ಜಂಗಮಕೋಟೆ ಬ್ಯಾಟರಾಯಪ್ಪನವರ ಮಗಳ ಮದುವೆಯನ್ನು
ಎರಡು ಕಾರ್ಡಿನಲ್ಲಿ ತಂದು ಮೇಜಿನ ಮೇಲಿಟ್ಟು
"ಭಾನುವಾರಕ್ಕೆ ಬೇಕಂತೆ ಮುಬೀನಾ" ಅಂದವನು
ಟೀ ಕೂಡ ಕುಡಿಯದೆ ಹೋದ.

ಟೈಮ್‌ಲೈನಿಗೆ ಎಳೆದು ಹಾಕಿದೆ.
ಕಪ್ಪು.
ವಾಲಗ ಇದೆ, ವರನಿಲ್ಲ.
ಮಂತ್ರ ಇದೆ, ಪುರೋಹಿತರಿಲ್ಲ.
ಗಟ್ಟಿಮೇಳ ಗಟ್ಟಿಮೇಳ ಎಂದು ಯಾರೋ ಕೂಗಿ
ಕತ್ತಲಿಗೇ ತಾಳಿ ಕಟ್ಟಿದ ಹಾಗಾಯಿತು.
ಆಮೇಲೊಂದು ಚೌಕ ಮೂಡಿತು, ಬಹಳ ಮರ್ಯಾದೆಯಿಂದ:
ಈ ಕೋಡೆಕ್ ನಿಮ್ಮ ಆವೃತ್ತಿಯಲ್ಲಿಲ್ಲ, ಪರವಾನಗಿ ಕೊಳ್ಳಿ.

ನಾನು ಶಿಡ್ಲಘಟ್ಟದ ರೀಲರ್ ಮನೆಯವಳು.
ಕೋಡೆಕ್ ಅಂದರೇನೆಂದು ನನಗೆ ಯಾರೂ ಕಲಿಸಬೇಕಿಲ್ಲ.
ಕಿಲೋಮೀಟರ್ ಉದ್ದದ ಎಳೆಯನ್ನು ಹುಳ
ಹೆಬ್ಬೆರಳಷ್ಟು ಜಾಗದಲ್ಲಿ ಸುತ್ತಿ ಅಂಟು ಬಳಿಯುತ್ತದೆ.
ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಸದ್ದು.
ಬಿಸಿನೀರಿಗೆ ಬೀಳದೆ ತುದಿ ಸಿಗುವುದಿಲ್ಲ.
ಅಬ್ಬು ಆ ನೀರಲ್ಲೇ ಬೆರಳಿನ ಗೆರೆ ಕಳೆದುಕೊಂಡವರು.
ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟು ಗುರುತು ಹತ್ತುವುದಿಲ್ಲ;
ಅದೂ ಒಂದು ಚೌಕ ತೋರಿಸುತ್ತದೆ,
ಅಷ್ಟೇ ಮರ್ಯಾದೆಯಿಂದ.

ಈ ಗೂಡಿನ ಬಿಸಿನೀರು ಮಾತ್ರ
ಎಲ್ಲೆಲ್ಲಿಯದೋ ಕಂಪನಿಗಳ ಹೆಸರಲ್ಲಿದೆಯಂತೆ.
ಸುತ್ತಿದವನು ಒಂದು ಪಾಲು ಕೊಟ್ಟಾಗಿದೆ,
ಬಿಚ್ಚುವವಳೂ ಕೊಡಬೇಕು.
ಮದುವೆ ದುಡ್ಡು ಬಂದ ಮೇಲೆ ಕಟ್ಟುತ್ತೇನೆ ಅಂದರೆ
ನಮ್ಮ ಬೀದಿಯ ಅಂಗಡಿಯ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.
ಪುಕ್ಕಟೆ ಕನ್ವರ್ಟರ್ ಹಾಕಿದೆ. ಮೂವತ್ತೊಂದು ಗಂಟೆ ಎಂದಿತು.
ನಾಲ್ಕನೆಯ ಗಂಟೆಗೆ ಕರೆಂಟು ಹೋಯಿತು.

ರಾತ್ರಿ ಹೆಡ್‌ಫೋನ್ ಹಾಕಿ ಕತ್ತಲನ್ನೇ ಕೇಳುತ್ತ ಕೂತೆ.
ವಾಲಗದ ಹಿಂದೆ ಇನ್ನೊಂದು ಮದುವೆ ನಡೆದಿತ್ತು:
ಸಾರಿಗೆ ಉಪ್ಪು ಜಾಸ್ತಿಯೆಂದು ಒಬ್ಬ,
ಒಂಟಿ ಚಪ್ಪಲಿ ಹುಡುಕುವ ಮಗು,
ಮೈಕಿಗೆ ತೀರ ಹತ್ತಿರ ಒಬ್ಬ ಹೆಂಗಸು:
"ಏಡವದ್ದೇ. ನೇನು ಗೂಡಾ ಇಟ್ಲೇ ವಚ್ಚಿನಾ."
ಅಳಬೇಡ ಅಂದ ಮೇಲೆ ಅಳು ಹೆಚ್ಚಾಗಿ,
ಬಳೆ ಬಳೆಗೆ ತಾಗಿದ ಸದ್ದು.

ಶನಿವಾರ ದುಡ್ಡು ಕಟ್ಟಿದೆ.
ನೂಲು ಮಾರಿದ ದುಡ್ಡು, ಅಬ್ಬು ಯಾಕೆಂದು ಕೇಳಲಿಲ್ಲ.
ಪರದೆಯ ಮೇಲೆ ಬೆಳಗಾಯಿತು.
ಏನು ಬಣ್ಣ! ಅಕ್ಷತೆಯ ಕಾಳು ಕಾಳೂ ಎಣಿಸಬಹುದು.
ಅವಳನ್ನು ಹುಡುಕಿದೆ. ಅದೇ ನಿಮಿಷ, ಅದೇ ಸೆಕೆಂಡು:
ಹೂವಿನಲ್ಲಿ ಕಟ್ಟಿದ ಹೃದಯ, ಸಾಲಾಗಿ ನಿಂತ ಬೀಗರು,
ಎಲ್ಲರೂ ಕದಿರೇಶನನ್ನು ನೋಡಿ ನಗುತ್ತಿದ್ದಾರೆ.
ಮದುಮಗಳೂ.
ಆ ಹೆಂಗಸು ಚೌಕಟ್ಟಿನಲ್ಲೇ ಇಲ್ಲ.

ಬ್ಯಾಟರಾಯಪ್ಪನವರು ಹೇಳಿದ್ದಂತೆ
ಸದ್ದನ್ನೆಲ್ಲ ಅಳಿಸಿ ಸಿನಿಮಾ ಹಾಡು ಕೂಡಿಸಿದೆ.
ಹನ್ನೊಂದು ಸೆಕೆಂಡು ಮಾತ್ರ ಬೇರೆ ತೆಗೆದು
ಎಂಥ ಮುದಿ ಯಂತ್ರವೂ ತೆರೆಯಬಲ್ಲ
ಹಳೇ ಮಾದರಿಯಲ್ಲಿ ಉಳಿಸಿ,
ಹೆಸರಿಡಲು ಹೋದೆ, ಹೊಳೆಯಲಿಲ್ಲ.
'ಹೊಸ ಫೈಲ್ 1' ಎಂದು ಅದೇ ಬರೆದುಕೊಂಡಿತು.