ಎರಡು ಪೆನ್ಸಿಲ್ ಸೆಲ್ಲು

ಬೆಳಗಿನ ಜಾವ ನಾಲ್ಕೂಕಾಲು.
ಸಾರೆಮಾ ದ್ವೀಪದ ಪಡುವಣ ತುದಿ. ಮೇ ತಿಂಗಳು,
ಬೆರಳುಗಳಿಗೆ ಮಾತ್ರ ಯಾರೂ ತಿಳಿಸಿಲ್ಲ.
ದೀಪಸ್ತಂಭದ ಗೋಡೆಗೆ ಬೆನ್ನು ಕೊಟ್ಟು ಹೆಲ್ವೆ,
ಮುಕ್ಕಾಲಿಯ ಮೇಲಿನ ದುರ್ಬೀನಿಗೆ ಕಣ್ಣು,
ತೊಡೆಯ ಮೇಲೆ ಅದು.

ಕನ್ನಡಕದ ಡಬ್ಬಿಯಷ್ಟು ಉದ್ದ,
ತೆರೆದರೆ ಕಪ್ಪೆಚಿಪ್ಪಿನಂತೆ ಬಾಯಿ ಬಿಡುವ ಗಣಕ.
ಮಾಡಿದ ಕಂಪನಿ ಬಾಗಿಲು ಹಾಕಿ ಇಪ್ಪತ್ತು ವರ್ಷ ಮೇಲಾಯಿತು.
ಬಣ್ಣವಿಲ್ಲ, ಹಾಡಿಲ್ಲ, ಹೊರಗಿನ ಸುದ್ದಿಯಿಲ್ಲ.
ಕೀಲಿಗಳಿವೆ, ನಿಜವಾದ ಕೀಲಿಗಳು,
ಒತ್ತಿದರೆ ಹೂಂ ಅನ್ನುವಂಥವು.

ನನ್ನ ಕೈಯಲ್ಲಿ ಸಂಸ್ಥೆ ಕೊಟ್ಟ ಹೊಸ ಗಾಜಿನ ಹಲಗೆ.
ಮುಖ ತೋರಿಸು ಎಂದಿತು, ತೋರಿಸಿದೆ.
ಟೊಪ್ಪಿ ತೆಗೆದು ತೋರಿಸು ಎಂದಿತು, ತೆಗೆದೆ.
ಕೈಗವಸು ಕಿತ್ತು ಮುಟ್ಟುವಷ್ಟರಲ್ಲಿ
ಗಾಜಿನ ಮೇಲಿಳಿದ ಇಬ್ಬನಿ ನನಗಿಂತ ಮೊದಲು ಒತ್ತಿ
ಮುನ್ನೂರು ಹೆಬ್ಬಾತು ಬರೆದಿತ್ತು, ಖಾಲಿ ಆಕಾಶದಲ್ಲಿ.
ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.
ಇದು ಎತ್ತಿತು.
ಒಗೆಯುವ ಮೊದಲೇ ಚಳಿಗೆ ಬ್ಯಾಟರಿ ಸತ್ತಿತು.

ಆಗಲೇ ಬಂದವು.
ಕಡಲಿನ ಅಂಚಿನಲ್ಲಿ ಮೊದಲು ಒಂದು ಹೊಗೆ,
ಹೊಗೆ ದಾರವಾಗಿ, ದಾರ ಮಣಿಯಾಗಿ,
ಉದ್ದಬಾಲದ ಬಾತುಗಳು, ಉತ್ತರಕ್ಕೆ,
ನಡುವೆ ಕರಿಬಾತಿನ ಗೆರೆ.
ಹೆಲ್ವೆಯ ಕಣ್ಣು ದುರ್ಬೀನು ಬಿಟ್ಟು ಕದಲಲಿಲ್ಲ.
ಹೆಣೆಯುವವಳು ಕಡ್ಡಿ ನೋಡದ ಹಾಗೆ
ಕೆಳಗೆ ಹೆಬ್ಬೆರಳು ತಾನೇ ಓಡಿತು:
ಟಕ್, ಐವತ್ತು. ಟಕ್ ಟಕ್, ನೂರಿಪ್ಪತ್ತು.
ಬಾತಿನ ಕೀಲಿಯ ಮೇಲಿನ ಅಕ್ಷರ ಅಳಿಸಿಹೋಗಿದೆ,
ಹದಿನೇಳು ವಸಂತದ ಬಾತುಗಳು ತುಳಿದು.

ಏಳಕ್ಕೆ ಗಾಳಿ ತಿರುಗಿತು. ಥರ್ಮಾಸು ಬಿಚ್ಚಿದೆವು.
ಇದು ಗೆದ್ದದ್ದು ಹೇಗೆ ಎಂದೆ.
"ನಿನ್ನದೇ ವೇಗ, ಹುಡುಗ, ಸಾವಿರ ಪಾಲು ವೇಗ.
ಆದರೆ ಅದಕ್ಕೆ ನೀನು ಬೇಕು, ನಿನ್ನ ಕಣ್ಣು, ಮುಖ, ಟೊಪ್ಪಿ.
ಇದಕ್ಕೆ ನಾನು ಬೇಡ. ಬಾತು ಸಾಕು."

ಗೆದ್ದದ್ದೂ ಮುದಿಯಾಗುತ್ತದೆ.
ಮಡಿಚುವ ಕೀಲಿನೊಳಗಿನ ತಂತಿ ಬಿರಿದು
ಪರದೆಯ ಎಡ ಅರ್ಧ ಮಾರ್ಚಿಯಿಂದ ಕತ್ತಲೆ.
ಬಿಡಿಭಾಗಕ್ಕೆಂದು ಕೊಂಡ ಇನ್ನೊಂದು ಗುಡಿಸಲಿನ ಡ್ರಾಯರಿನಲ್ಲಿದೆ,
ಸಾಲ್ಮೆ ಎಂಬ ವಿಧವೆ ವಿಲ್ಯಾಂಡಿಯಿಂದ ಕಳಿಸಿದ್ದು.
ತೆರೆದರೆ ಗಂಡನ ಕೊನೆಯ ಟಿಪ್ಪಣಿ ಹಾಗೇ ಇದೆ:
ಕೊಡಲಿಗೆ ಹಿಡಿ ಹಾಕಿಸಬೇಕು.
ಲೆಂಬಿಟನಿಗೆ ಹತ್ತು ಕ್ರೋನು ಕೊಡಬೇಕು.
ಎಡ ಮೊಣಕಾಲು, ಮತ್ತೆ.

ಸೆಲ್ಲು ಪೂರಾ ಬರಿದಾದರೆ ಎಲ್ಲ ಮರೆಯುವ ಜಾತಿ ಇದು.
ಅವನು ಹೋಗಿ ಹದಿಮೂರು ವರ್ಷ
ಆಕೆ ಸೆಲ್ಲು ಬದಲಿಸುತ್ತಲೇ ಬಂದಿದ್ದಳಂತೆ,
ಒಮ್ಮೆಯೂ ತೆರೆದು ಓದದೆ.
ಬರಿದಾಗಲು ಬಿಡಬೇಡ ಎಂದು ಅವನೇ ಹೇಳಿದ್ದನಂತೆ,
ಎಷ್ಟು ದಿನ ಎಂದು ಹೇಳಿರಲಿಲ್ಲ.

ಇದರ ಪರದೆ ಕಿತ್ತು ಅದಕ್ಕೆ ಹಾಕಲು ಅರ್ಧ ಗಂಟೆ ಸಾಕು.
ಸ್ಕ್ರೂಡ್ರೈವರ್ ಡ್ರಾಯರಿನಲ್ಲೇ ಇದೆ, ಪಕ್ಕದಲ್ಲೇ.
"ಈ ವಸಂತ ಮುಗಿಯಲಿ" ಎಂದಳು ಹೆಲ್ವೆ,
"ಹೇಗೂ ನಾನು ಪರದೆ ನೋಡುವುದಿಲ್ಲವಲ್ಲ."

ಶನಿವಾರ ಕುರೆಸಾರೆ ಪೇಟೆಯಲ್ಲಿ
ಬ್ರೆಡ್ಡು, ಹೊಗೆಯಾಡಿಸಿದ ಮೀನು, ನಾಲ್ಕು ಪೆನ್ಸಿಲ್ ಸೆಲ್ಲು ತಂದೆ.
ಎರಡು ಬಾತುಗಳಿಗೆ.
ಇನ್ನೆರಡು, ಚಲಾವಣೆ ನಿಂತ ನಾಣ್ಯದಲ್ಲಿ
ಲೆಂಬಿಟನಿಗೆ ಇನ್ನೂ ಹತ್ತು ಬಾಕಿ ಇರುವವನಿಗೆ.