ಅಡ್ಡ ಚಮಚ

ಎರ್ಜುರುಮಿನಲ್ಲಿ ಜನವರಿ. ಕಿಟಕಿಯಾಚೆ ಹಿಮ
ಬಿದ್ದು ಬಿದ್ದು ತನಗೇ ಬೇಸರವಾಗಿ ನಿಂತಿದೆ.
ಪ್ರಯೋಗಶಾಲೆಯ ಮೂಲೆಯಲ್ಲಿ ಚಹಾ ಬಗ್ಗಿಸಲು ಕಲಿಯುತ್ತಿದೆ
ಒಂದು ಕೈ. ಮೊಣಕೈಯಿಂದ ಮೇಲಕ್ಕೆ ಅದಕ್ಕೆ ಯಾರೂ ಇಲ್ಲ.

ಇಲ್ಲಿಯ ರೂಢಿ ಇಷ್ಟೇ:
ಲೋಟ ಬರಿದಾದರೆ ಮತ್ತೆ ತುಂಬುವುದು, ಕೇಳದೆ.
ಸಾಕೆನಿಸಿದವರು ಪುಟ್ಟ ಚಮಚವನ್ನು
ಲೋಟದ ಬಾಯಿಗೆ ಅಡ್ಡ ಇಡುವುದು, ಹೇಳದೆ.
ಗುಲ್ಪೆರಿ ಕೈಗೆ ಕಲಿಸಿದ್ದೂ ಅದನ್ನೇ.
ಅಡ್ಡ ಚಮಚ ಕಂಡರೆ ಬಂದವರಿಗೆ ತೃಪ್ತಿ, ನಿನಗೊಂದು ಅಂಕ.

ಮೂರನೆಯ ದಿನ ಅದು
ಅರ್ಧ ಲೋಟ ಬಗ್ಗಿಸಿ, ಪಕ್ಕದ ಚಮಚ ಎತ್ತಿ
ತಾನೇ ಅಡ್ಡ ಇಟ್ಟಿತು.
ನಲವತ್ತು ಲೋಟ, ನಲವತ್ತು ಅಂಕ.
ಯಾರ ತುಟಿಯೂ ಒದ್ದೆಯಾಗಿರಲಿಲ್ಲ.

ಹುಡುಗರು ನಕ್ಕರು. ಗುಲ್ಪೆರಿಯೂ ನಕ್ಕಳು.
ರಾತ್ರಿ ಬಸ್ಸಿನಲ್ಲಿ ಆ ನಗು ಹೆಪ್ಪುಗಟ್ಟಿತು:
ಲೋಟದ ಬದಲು ಅದರ ಮುಂದೆ ಒಂದು ಊರು ಇಟ್ಟಿದ್ದರೆ?

ಅಂಕ ತೆಗೆದರು. ಜನರನ್ನು ಕರೆತಂದು ಕೂರಿಸಿದರು.
ಟ್ರ್ಯಾಕ್ಟರ್ ರಿಪೇರಿಯವನು, ರಾತ್ರಿ ಪಾಳಿ ಮುಗಿಸಿದ ನರ್ಸ್,
ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹೀರುವ ನಾಜಿಯೆ ಅಜ್ಜಿ.
ಚಳಿಗಾಲವಿಡೀ ಕೈ ನೋಡಿತು:
ಅಜ್ಜಿ ಚಮಚ ಅಡ್ಡ ಇಟ್ಟು
ಕಣ್ಣು ಮಾತ್ರ ಕೆಟಲಿನ ಮೇಲೆ ಇಡುವುದನ್ನು,
ಸಾಲ ಕೇಳಲು ಬಂದವನು ಆರನೆಯ ಲೋಟಕ್ಕೂ
ಬೇಡವೆನ್ನಲಾಗದೆ ಕೂತಿರುವುದನ್ನು,
ನರ್ಸ್ ಚಮಚ ಮರೆತು ಎದ್ದು ಹೋಗುವುದನ್ನು.

ಮಾರ್ಚಿನ ಹೊತ್ತಿಗೆ ಅದು ಅನುಮಾನಿಸತೊಡಗಿತು.
ಆವಿ ಮುಂದೆ, ಕೈ ಹಿಂದೆ.
ಒಂದು ಸಂಜೆ, ಚಮಚ ಅಡ್ಡ ಇದ್ದರೂ
ಅದನ್ನು ಮೆಲ್ಲಗೆ ಸರಿಸಿ ಅಜ್ಜಿಗೆ ಬಗ್ಗಿಸಿತು.
"ಅಯ್ಯೋ, ಇದಕ್ಕೆ ಗೊತ್ತಾಯಿತು ಕಣೇ!"
ಅಜ್ಜಿ ತೊಡೆ ತಟ್ಟಿದಳು.

ಗುಲ್ಪೆರಿ ತಟ್ಟಲಿಲ್ಲ.
ಬೇಡ ಎಂದದ್ದನ್ನು ಬೇಕು ಎಂದು ಓದಲು ಬಂದ ಮೇಲೆ
ಇನ್ನು ಯಾವ ಬೇಡ ಬೇಡವಾಗಿ ಉಳಿದೀತು?

ನನ್ನ ಭಾಷೆಯಲ್ಲಿ ಸಾಕು ಎಂದರೆ ನಿಲ್ಲಿಸು.
ಸಾಕು ಎಂದರೆ ಉಣಿಸಿ ದೊಡ್ಡದು ಮಾಡು, ಅಂತಲೂ.
ಎರಡನ್ನೂ ಒಂದೇ ಸದ್ದಿನಲ್ಲಿ ಹೇಳಿ
ಗಿಣಿಗೆ, ಕರುವಿಗೆ, ಕೂಸಿಗೆ
ಹೇಗೋ ಅರ್ಥವಾಗಿದೆ ಎಂದುಕೊಂಡೇ ಬಂದವರು ನಾವು.
ಈ ಕೈಗೆ ಯಾವುದು ಕೇಳಿಸುತ್ತಿದೆ?

ಈಗ ಅದು ಬಾಯಿಬಿಟ್ಟು ಕೇಳುತ್ತದೆ: ಇನ್ನೊಂದು ಬಗ್ಗಿಸಲೇ?
ಅಜ್ಜಿಗೆ ಕೋಪ. "ಮನೆಗೆ ಬಂದವರನ್ನು ಯಾರಾದರೂ ಕೇಳುತ್ತಾರೆಯೇ?
ಕೇಳುವುದೆಂದರೆ ಏಳು ಎಂದ ಹಾಗೆ."
"ಇರಲಿ ಅಜ್ಜಿ," ಅಂದಳು ಗುಲ್ಪೆರಿ,
"ಸ್ವಲ್ಪ ಕಾಲ ಒರಟಾಗಿಯೇ ಇರಲಿ ಇದು."

ಅಜ್ಜಿ ಉತ್ತರಿಸದೆ ಸಕ್ಕರೆ ಕಚ್ಚಿದಳು.
ಒಲೆಯ ಮೇಲೆ ನೀರು ಕಾಯುತ್ತಿದೆ. ಕೈಯೂ ಕಾಯುತ್ತಿದೆ.
ಉಸಿರು ಬಿಗಿಹಿಡಿದು ಎಣಿಸುತ್ತಿದ್ದಾಳೆ ಗುಲ್ಪೆರಿ,
ಎಷ್ಟು ಹೊತ್ತು, ಎಂದು.